ಇಸ್ತ್ರಿ ಅಂಗಡಿಯ ಎಕ್ಸ್‌ಚೇಂಜು

ದೊಡ್ಡಮ್ಮ ಮೊದಲ ಸಲ ಅವನ ಸುದ್ದಿ ಕೇಳಿದ್ದು ತನ್ನ ಸೀರೆಯ ದೆಸೆಯಿಂದ. ಪರದೇಶದ ಮಗಳ ಮನೆಗೆ ಬಂದು ಇನ್ನೂ ಸಾಮಾನು ಪೂರ್ತಿ ಬಿಚ್ಚಿರಲಿಲ್ಲ. ಪೆಟ್ಟಿಗೆಯಲ್ಲಿ ಮುದುಡಿ ಮುದ್ದೆಯಾಗಿದ್ದ ರೇಷ್ಮೆ ಸೀರೆಯನ್ನು ಇಸ್ತ್ರಿಗೆಂದು ಕೆಳಗಿನ ಬಟ್ಟೆ ಅಂಗಡಿಗೆ ಒಯ್ದ ಮಗಳು, ಬರುವಾಗ ಮೆಟ್ಟಿಲ ಮೇಲೇ ನಗುತ್ತ ಬಂದಳು.

"ಅಮ್ಮಾ, ಆ ಅಂಗಡಿಯ ಹಿಂದಿನ ಕೋಣೇಲಿ ಇಸ್ತ್ರಿ ಹಾಕೋರೊಬ್ಬರಿದ್ದಾರೆ, ಕನ್ನಡದವರೇ. ಕಿವಿಗೆ ಫೋನ್ ಸಿಕ್ಕಿಸ್ಕೊಂಡು, ನಿನ್ನ ಸೀರೆ ಮೇಲೆ ಕೈ ಆಡಿಸ್ತಾ ಏನು ಹೇಳ್ತಿದ್ರು ಗೊತ್ತಾ? 'ತಡಿ, ಟ್ಯಾಂಕ್ ಉಕ್ಕತಾ ಇದೆ, ಮೋಟರ್ ಆಫ್ ಮಾಡು ಅಂತ ಅಣ್ಣನಿಗೆ ಹೇಳ್ತೀನಿ' ಅಂತ. ಊರಲ್ಲಿರೋ ಮನೆಯ ಮೋಟರಂತೆ!"

"ಇಲ್ಲಿ ಹೇಳಿದ್ರೆ ಅಲ್ಲಿ ನೀರು ನಿಲ್ಲತ್ತಾ?"

"ನಿಂತಿತಮ್ಮ. ನಾನು ಅಲ್ಲೇ ಇದ್ದೆನಲ್ಲ."

ಅಳಿಯ ಒಳಗಿನಿಂದಲೇ ಸೇರಿಸಿದ. "ಅವರನ್ನ ಇಲ್ಲಿ ನಮ್ಮವರೆಲ್ಲ ಎಕ್ಸ್‌ಚೇಂಜು ಅಂತಾರೆ ಅತ್ತೆ. ಹಿಂದೆ ಟ್ರಂಕ್ ಕಾಲ್ ಮಾಡೋವಾಗ ನಡುವೆ ಒಬ್ಬರು ಕೂತು ತಂತಿ ಸೇರಿಸ್ತಿದ್ರಲ್ಲ, ಹಾಗೆ. ಅವರ ಅಣ್ಣ, ತಮ್ಮ ಇಬ್ರೂ ಊರಲ್ಲಿ ಒಂದೇ ಮನೇಲಿದ್ದಾರೆ. ಮಾತಾಡೋದು ಮಾತ್ರ ಇವರ ಮೂಲಕ."

ದೊಡ್ಡಮ್ಮನಿಗೆ ಆ ದಿನವೆಲ್ಲ ಬೇರೆ ಯೋಚನೆ ಹತ್ತಲಿಲ್ಲ. ಗೋಡೆಯ ಆಚೆಗೊಬ್ಬ, ಈಚೆಗೊಬ್ಬ. ಅವರ ಮಾತು ಸಮುದ್ರ ದಾಟಿ ಬಂದು, ತನ್ನ ಸೀರೆಯ ನೆರಿಗೆಯ ಮೇಲೆ ಹಾದು, ತಿರುಗಿ ಸಮುದ್ರ ದಾಟಿ ಗೋಡೆಯ ಇನ್ನೊಂದು ಮಗ್ಗುಲಿಗೆ ಇಳಿಯುತ್ತದೆ. ಸುತ್ತಿ ಬಳಸಿ ಮೂಗು ಹಿಡಿಯುವುದು ಎಂದು ಬಾಯಿಮಾತಿಗೆ ಹೇಳುವುದುಂಟು. ಕಣ್ಣಾರೆ ಕಂಡವರು ಯಾರಿದ್ದಾರೆ?

ಮಾರನೆಯ ದಿನ ಮಗಳು, ಅಳಿಯ ಕೆಲಸಕ್ಕೆ ಹೋಗುತ್ತಲೇ ದೊಡ್ಡಮ್ಮ ಕೋಟು ಹೊದ್ದು ಮೆಟ್ಟಿಲಿಳಿದಳು. ಗಾಜಿನ ಬಾಗಿಲು ತಳ್ಳಿದರೆ ಮೇಲೊಂದು ಗಂಟೆ ಕಿಣಿ ಎನ್ನುತ್ತದೆ. ಮುಂದೆ ಕೌಂಟರು, ಅದರ ಹಿಂದೆ ಗುಂಡಿ ಒತ್ತಿದರೆ ತಿರುಗುವ ಕಂಬಿ, ಕಂಬಿಯ ತುಂಬ ಪ್ಲಾಸ್ಟಿಕ್ ಹೊದ್ದು ನೇತಾಡುವ ಬಟ್ಟೆ. ಮಾಲೀಕಳು ಆ ದೇಶದವಳೇ, ಕನ್ನಡಕದ ಮೇಲಿಂದ ನೋಡಿ ನಕ್ಕಳು. ಹಿಂದಿನ ಕೋಣೆಯಲ್ಲಿ ಬುಸ್ಸೆನ್ನುವ ಹಬೆ. ಕಾಲಲ್ಲಿ ಪೆಡಲ್ ಒತ್ತಿದರೆ ಗಾಳಿ ಎಳೆದುಕೊಳ್ಳುವ ಮೇಜು, ಅದರ ಪಕ್ಕದಲ್ಲಿ ತೋಳು ಇಸ್ತ್ರಿ ಮಾಡುವ ಕಿರುಹಲಗೆ. ಮೇಜಿನ ಹಿಂದೆ, ಅರೆನರೆತ ಮೀಸೆಯ, ತೆಳ್ಳಗಿನ ಆಳು ಅಂಗಿಯ ಕಾಲರು ಒತ್ತುತ್ತ ಗಾಳಿಯೊಡನೆ ಮಾತಾಡುತ್ತಿದ್ದ.

"ಯಾರ ಮನೆಯ ಮೋಟರಪ್ಪಾ ಅದು?" ಎಂದಳು ದೊಡ್ಡಮ್ಮ.

ಅವನು ಬೆಚ್ಚಿ ತಿರುಗಿದ. ಆ ಕೋಣೆಯಲ್ಲಿ ಕನ್ನಡ ಕಿವಿಯೊಳಗೆ ಕೇಳಿಸಿದ್ದುಂಟು, ಬಾಗಿಲಿಂದ ಬಂದದ್ದಿಲ್ಲ. ಬಟ್ಟೆ ರಾಶಿ ಸರಿಸಿ ಸ್ಟೂಲು ಎಳೆದ. "ಬನ್ನಿ, ಕೂತ್ಕೊಳ್ಳಿ ದೊಡ್ಡಮ್ಮ." ಹೆಸರು ಕೇಳಲಿಲ್ಲ, ನಂಟು ಕೇಳಲಿಲ್ಲ, ದೊಡ್ಡಮ್ಮ ಎಂದುಬಿಟ್ಟ. ಅಲ್ಲಿಂದ ಮಾಲೀಕಳೂ ತನ್ನ ನಾಲಿಗೆಗೆ ಹೊರಳಿದಷ್ಟರಲ್ಲಿ ದೊಡ್ಡಮ್ಮ ಎಂದೇ ಕರೆದಳು.

ಸುಮ್ಮನೆ ಕೂರುವ ಜಾಯಮಾನ ಆಕೆಯದಲ್ಲ. ಕೆಲವೇ ದಿನಗಳಲ್ಲಿ ಉದುರಿದ ಗುಂಡಿ ಹೊಲಿಯುವುದು, ಬಿಚ್ಚಿದ ಅಂಚು ಹಾಕುವುದು ಆಕೆಯ ಪಾಲಿಗೆ ಬಂತು. ಮನೆಯೊಳಗೆ ನಾಲ್ಕು ಗೋಡೆ ನೋಡುವುದಕ್ಕಿಂತ ಇಲ್ಲಿ ಬಿಸಿಯಾದರೂ ಇತ್ತು, ಮಾತೂ ಇತ್ತು. ಮಾಲೀಕಳು ಒಂದು ಸಂಜೆ ಮಗಳನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಕೇಳಿದಳಂತೆ: "ನಿಮ್ಮ ಧರ್ಮದಲ್ಲಿ ಕೆಲಸ ಮಾಡುವಾಗಲೂ ಇಷ್ಟು ಹೊತ್ತು ಪ್ರಾರ್ಥನೆ ಮಾಡಬೇಕಾ?" ಇಷ್ಟು ವರ್ಷ ಅವಳು ಅವನ ಫೋನು ಮಾತನ್ನು ಮಂತ್ರವೆಂದೇ ತಿಳಿದಿದ್ದಳು.

"ಮಂತ್ರಾನೇ ಅನ್ನಿ ದೊಡ್ಡಮ್ಮ" ಎಂದು ನಕ್ಕ ಎಕ್ಸ್‌ಚೇಂಜು. "ಸ್ವಲ್ಪ ತಪ್ಪು ಹೇಳಿದ್ರೂ ಅಲ್ಲಿ ಬೆಂಕಿ ಹತ್ತತ್ತೆ."

ಬೆಂಕಿಯ ಕತೆಯನ್ನು ಅವನು ಕಂತು ಕಂತಾಗಿ ಹೇಳಿದ. ಮೂವರಲ್ಲಿ ಅವನು ನಡುವಿನವನು. ಅಪ್ಪ ಕಟ್ಟಿಸಿದ ಮನೆಗೆ ಅಪ್ಪ ಹೋದ ಮೇಲೆ ನಡುವೆ ಗೋಡೆ ಎದ್ದಿತು. ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ. ನಡುವಿನವನು ಹೇಗೂ ಹೊರದೇಶದಲ್ಲಿದ್ದಾನೆ, ಅವನಿಗೇಕೆ ಎಂದು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಗೋಡೆ ಎದ್ದರೂ ಮನಸ್ಸು ಕೆಟ್ಟಿರಲಿಲ್ಲ. ಸಂಜೆ ಒಂದೇ ಜಗುಲಿಯಲ್ಲಿ ಕೂತು ಇಬ್ಬರೂ ಚಹಾ ಕುಡಿಯುತ್ತಿದ್ದರು. ಕೆಟ್ಟದ್ದು ನಗರಸಭೆಯ ಚುನಾವಣೆಯಲ್ಲಿ. ಅಣ್ಣ ಒಂದು ಪಕ್ಷದ ಬಾವುಟ ತಂದು ತಾರಸಿಯ ನೀರಿನ ಟ್ಯಾಂಕಿಗೆ ಕಟ್ಟಿದ. ಟ್ಯಾಂಕು ಇಬ್ಬರದೂ. ತಮ್ಮ ಇನ್ನೊಂದು ಪಕ್ಷದವನು. ಮಾರನೆಯ ಬೆಳಿಗ್ಗೆ ಅಣ್ಣನದಕ್ಕಿಂತ ಒಂದು ಮೊಳ ಎತ್ತರಕ್ಕೆ ತನ್ನದನ್ನು ಏರಿಸಿದ. ಅಣ್ಣ ಇನ್ನೂ ಉದ್ದದ ಬಿದಿರು ತಂದ. ಹೀಗೆ ಕೋಲು ಬೆಳೆದು ಬೆಳೆದು, ಒಂದು ದಿನ ಜೋರು ಗಾಳಿ ಬೀಸಿದಾಗ ಎರಡೂ ಒಟ್ಟಿಗೇ ಮುರಿದು, ಟ್ಯಾಂಕಿನ ಮುಚ್ಚಳ ಒಡೆದು ನೀರೊಳಗೆ ಬಿದ್ದವು. ಮುಚ್ಚಳ ಯಾರು ಹಾಕಿಸಬೇಕು ಎನ್ನುವಲ್ಲಿ ಮಾತಿಗೆ ಮಾತು ಬೆಳೆಯಿತು. "ಇನ್ನು ನಿನ್ನ ಮುಖ ನೋಡಿದ್ರೆ ಕೇಳು" ಎಂದ ಅಣ್ಣ. "ನೀನು ಸತ್ರೂ ಬರಲ್ಲ" ಎಂದ ತಮ್ಮ. ಅಲ್ಲಿಗೆ ಮಾತು ನಿಂತಿತು. ಮೂರು ವರ್ಷವಾಯಿತು.

"ಗೆದ್ದೋರು ಯಾರು?" ಕೇಳಿದಳು ದೊಡ್ಡಮ್ಮ.

"ಅಣ್ಣನ ಕಡೆಯವನು ಗೆದ್ದ. ಗೆದ್ದು ವರ್ಷ ತುಂಬೋದ್ರೊಳಗೆ ತಮ್ಮನ ಪಕ್ಷಕ್ಕೆ ಹಾರಿದ."

"ಹಾಗಾದ್ರೆ ಇಬ್ರೂ ಒಂದೇ ಪಕ್ಷ ಆದ್ರಲ್ಲಪ್ಪಾ!"

"ಆದ್ರಲ್ಲ! ಅಣ್ಣ ಮನುಷ್ಯನ ಹಿಂದೆ ಹೋದ, ತಮ್ಮ ಇದ್ದಲ್ಲೇ ಇದ್ದ. ಈಗ ಒಂದೇ ಬಾವುಟ, ಒಬ್ಬನೇ ಮೆಂಬರು. ಮೊನ್ನೆ ಆ ಮೆಂಬರ ಮಗಳ ಮದುವೆಗೆ ಇಬ್ರೂ ಹೋಗಿ, ಬೆನ್ನು ತಿರುಗಿಸಿ ಕೂತು ಉಂಡು ಬಂದ್ರಂತೆ."

"ಅವರನ್ನ ಜಗಳಕ್ಕೆ ಹಚ್ಚಿದವನು ಬಂದವರಿಗೆಲ್ಲ ಕೈ ಮುಗೀತಾ ನಿಂತಿದ್ನೇನೋ."

"ನಗ್ತಾ ನಿಂತಿದ್ನಂತೆ. ಇಬ್ಬರ ಹೆಗಲ ಮೇಲೂ ಕೈ ಹಾಕಿದ್ನಂತೆ."

ಮಾತು ಬಿಟ್ಟರೂ ಮನೆ ಬಿಡಲಾಗುತ್ತದೆಯೇ? ಗೇಟು ಒಂದು, ಮೋಟರು ಒಂದು. ನೀರು ಉಕ್ಕುವುದು ತಮ್ಮನ ಅಂಗಳಕ್ಕೆ, ಸ್ವಿಚ್ಚು ಇರುವುದು ಅಣ್ಣನ ಪಡಸಾಲೆಯಲ್ಲಿ. ಇಬ್ಬರೂ ಒಬ್ಬರ ನಂಬರನ್ನೊಬ್ಬರು ಬ್ಲಾಕ್ ಮಾಡಿದ್ದರು. ಬರೆದು ಕಳಿಸೋಣವೆಂದರೆ ಅಣ್ಣನಿಗೆ ಕಣ್ಣು ಮಂಜು, ತಮ್ಮನಿಗೆ ಬರೆದದ್ದು ನಾಳೆ ಸಾಕ್ಷಿಯಾಗುತ್ತದೆಂಬ ಅನುಮಾನ. ಇನ್ನು ಓರಗಿತ್ತಿಯರು ಬಟ್ಟೆ ಒಣಹಾಕುವ ನೆಪದಲ್ಲಿ ದಿನವೂ ಗಂಟೆಗಟ್ಟಲೆ ಹರಟುತ್ತಿದ್ದರು, ಆದರೆ ಗಂಡಂದಿರ ಮಾತನ್ನು ಮಾತ್ರ ಹೊರುವುದಿಲ್ಲವೆಂದು ಇಬ್ಬರೂ ಸೇರಿಯೇ ತೀರ್ಮಾನಿಸಿದ್ದರು. ಉಳಿದವನು ನಡುವಿನವನು. ಇಲ್ಲಿ ಅವನು ಬೆಳಗಿನ ಅಂಗಿಗಳನ್ನು ಒತ್ತುವ ಹೊತ್ತಿಗೆ ಅಲ್ಲಿ ಸಂಜೆಯ ನೀರು ಬಿಡುತ್ತಾರೆ. ಮಾತು ಹೋಗಿ ಬರುವಷ್ಟರಲ್ಲಿ ತಮ್ಮನ ಅಂಗಳ ಅರ್ಧ ತೊಯ್ದಿರುತ್ತಿತ್ತು.

ಎಕ್ಸ್‌ಚೇಂಜಿನ ಹೆಂಡತಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ ಪಾಳಿ ಕೆಲಸ ಮಾಡುತ್ತಿದ್ದಳು. ಮಧ್ಯಾಹ್ನ ಅವನ ಊಟದ ಡಬ್ಬಿ ತಂದಾಗ ದೊಡ್ಡಮ್ಮನ ಪಕ್ಕ ಕುಕ್ಕರಿಸುತ್ತಿದ್ದಳು. "ನಮ್ಮನೆ ಬಚ್ಚಲ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಎಷ್ಟು ತಿಂಗಳಾಯ್ತು ದೊಡ್ಡಮ್ಮ. ಅದಕ್ಕೊಂದು ವಾಷರ್ ಹಾಕೋಕೆ ಇವರಿಗೆ ಪುರುಸೊತ್ತಿಲ್ಲ. ಅಲ್ಲಿ ಟ್ಯಾಂಕ್ ಉಕ್ಕಿದ್ರೆ ಇಲ್ಲಿ ಇವರ ಎದೆ ಉಕ್ಕತ್ತೆ."

ಅವಳೆಂದದ್ದು ಸುಳ್ಳಲ್ಲ. ಊರಿನ ಯಾವ ಬೀದಿಗೆ ಡಾಂಬರು ಬಿತ್ತು, ಯಾವ ಮೆಂಬರು ಯಾರ ಕಾರು ಹತ್ತಿದ, ನಗರಸಭೆಯ ಕೂಗಾಟದಲ್ಲಿ ಯಾರು ಕುರ್ಚಿ ಎತ್ತಿದರು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಇಲ್ಲಿ? ಒಂದು ದಿನ ದಪ್ಪನೆಯ ಗಂಡಸೊಬ್ಬ ಕೌಂಟರಿನಿಂದ ಒಳಗೆ ಬಂದು, ಇವನ ಕೈ ಕುಲುಕಿ, ಬಣ್ಣದ ಚೀಟಿಯೊಂದನ್ನು ಕೊಟ್ಟು ಹೋದ. ಯಾರವರು ಎಂದು ದೊಡ್ಡಮ್ಮ ಕೇಳಿದರೆ ಇವನಿಗೂ ಗೊತ್ತಿಲ್ಲ. ಮಾಲೀಕಳನ್ನು ಕೇಳಿ ತಿಳಿದು ಬಂದ. ಆತ ಇದೇ ಬೀದಿಯ ಮೆಂಬರು, ಎಷ್ಟೋ ಚುನಾವಣೆ ಗೆದ್ದವನು. ಆತನ ಬೂದು ಕೋಟನ್ನು ವರ್ಷಗಟ್ಟಲೆ ಇಸ್ತ್ರಿ ಮಾಡಿದವನು ಇವನೇ. ಒಳಜೇಬಿನ ಅಸ್ತರು ಎಲ್ಲಿ ಹರಿದಿದೆ ಎಂಬುದು ಗೊತ್ತಿತ್ತು, ಕೋಟಿನೊಳಗಿನ ಮನುಷ್ಯ ಗೊತ್ತಿರಲಿಲ್ಲ.

"ಅಲ್ಲಿ ಓಟು ಹಾಕೋಕೆ ನೀನು ಹೋಗೋದಿಲ್ಲ. ಇಲ್ಲಿ ಹಾಕೋಕೆ ಬರತ್ತಾ?" ಎಂದಳು ದೊಡ್ಡಮ್ಮ.

"ಬರತ್ತೆ ಅಂತಾಳೆ ನನ್ನ ಹೆಂಡತಿ. ನಾನು ಹೋಗಿಲ್ಲ."

ದೊಡ್ಡಮ್ಮ ನೂಲು ಹಲ್ಲಿನಲ್ಲಿ ಕತ್ತರಿಸಿ, ತನ್ನ ಮನೆಯವರ ಕತೆ ತೆಗೆದಳು. ಅವರದೊಂದು ಗುರುತು, ಈಕೆಯದು ಇನ್ನೊಂದು. ಪ್ರತಿ ಸಲವೂ ಒಂದೇ ಕೊಡೆಯ ಕೆಳಗೆ ನಡೆದು ಮತಗಟ್ಟೆಗೆ ಹೋಗುವಾಗ ಅವರು ಕೇಳುವರು, "ಯಾವುದಕ್ಕೆ ಹಾಕ್ತೀಯೇ?" ಈಕೆ, "ಹಾಕಬೇಕಾದ್ದಕ್ಕೆ" ಎನ್ನುವಳು. ಅವರ ಪಕ್ಷ ಸೋತ ವರ್ಷ, "ಯಾವ ಬುದ್ಧಿಗೇಡಿಗಳು ಹಾಕಿದ್ರೋ" ಎಂದು ಬೈಯುತ್ತ ಊಟಕ್ಕೆ ಕೂತರು. ಬುದ್ಧಿಗೇಡಿಯೇ ಬಡಿಸಿದಳು. ಕೊನೆಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕೈ ಹಿಡಿದುಕೊಂಡು, "ಈಗಲಾದ್ರೂ ಹೇಳು ಮಹರಾಯ್ತಿ, ಯಾವುದಕ್ಕೆ ಒತ್ತುತ್ತಿದ್ದೆ?" ಎಂದರು. "ಹುಷಾರಾಗಿ ಮನೆಗೆ ಬನ್ನಿ, ಹೇಳ್ತೀನಿ" ಎಂದಳು ಈಕೆ. ಅವರು ಬರಲಿಲ್ಲ.

"ಹೇಳಿಬಿಡಬೇಕಿತ್ತಾ ದೊಡ್ಡಮ್ಮ?" ಎಂದ ಅವನು ಮೆಲ್ಲಗೆ.

"ಅದೇನು ದೊಡ್ಡ ಗುಟ್ಟಪ್ಪಾ? ಅವರಿಗೆ ಗೊತ್ತಿತ್ತು. ಕೇಳಿ ಕೇಳಿ ನಗೋದು ಅವರಿಗೆ ಬೇಕಿತ್ತು ಅಷ್ಟೆ."

ಹೀಗೆ ಇರುವಾಗ ಒಂದು ದಿನ ಅವನ ಕಿವಿಯ ಇಯರ್‌ಫೋನಿನ ಚಾರ್ಜು ಮುಗಿಯಿತು. ಫೋನನ್ನು ಗುಂಡಿಯ ಡಬ್ಬಿಗೆ ಒರಗಿಸಿ ಸ್ಪೀಕರು ಹಾಕಿದ. ಮೊದಲ ಸಲ ದೊಡ್ಡಮ್ಮನಿಗೆ ಆ ಕಡೆಯ ಮಾತೂ ಕೇಳಿಸಿತು. ಅಣ್ಣನ ದನಿ, ಒಡೆದ ಕಂಚು.

"ಆ ಮುಠ್ಠಾಳನಿಗೆ ಹೇಳು, ಇನ್ನೊಂದ್ಸಲ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ರೆ ಚಕ್ರದ ಗಾಳಿ ತೆಗೀತೀನಿ!"

"ಹೇಳ್ತೀನಿ ಅಣ್ಣ" ಎಂದು ಇಟ್ಟು, ಇವನು ತಮ್ಮನಿಗೆ ಹಚ್ಚಿದ. ದನಿಯಲ್ಲಿ ಜೇನು. "ಏನಿಲ್ಲಪ್ಪ, ಗಾಡಿ ಸ್ವಲ್ಪ ಈ ಕಡೆ ನಿಲ್ಲಿಸ್ತಾನಾ ಕೇಳು ಅಂದ ಅಣ್ಣ. ಅಂದ ಹಾಗೆ ನಿನ್ನ ಮಂಡಿನೋವು ಹೇಗಿದೆ ಅಂತಾನೂ ಕೇಳ್ದ."

"ಪರವಾಗಿಲ್ಲ ಅನ್ನು. ಗಾಡಿ ತೆಗೀತೀನಿ. ಅದೊಂದು ಕುರುಡು ಕತ್ತೆ, ಎಡವಿ ಬಿದ್ದು ನನ್ನ ತಲೆ ಮೇಲೆ ತಂದೀತು."

ಮತ್ತೆ ಅಣ್ಣನಿಗೆ. "ತೆಗೀತಾನಂತೆ ಅಣ್ಣ. ಮಂಜುಗಣ್ಣಲ್ಲಿ ನೀನು ಎಲ್ಲಿ ಎಡವಿ ಬೀಳ್ತೀಯೋ ಅಂತ ಅವನಿಗೆ ಒಂದೇ ಚಿಂತೆ."

ದೊಡ್ಡಮ್ಮ ಸೂಜಿ ಕೆಳಗಿಟ್ಟಳು. "ಅಲ್ಲಪ್ಪಾ, ಮಂಡಿನೋವು ಅವರು ಯಾವಾಗ ಕೇಳಿದ್ರು? ನನ್ನ ಕಿವಿಗೆ ಬೀಳಲಿಲ್ಲ."

"ಕೇಳ್ತಾನೆ ದೊಡ್ಡಮ್ಮ, ಒಳಗೊಳಗೆ. ಚಿಕ್ಕಂದಿನಲ್ಲಿ ತಮ್ಮ ಬಿದ್ದಾಗೆಲ್ಲ ಹೆಗಲ ಮೇಲೆ ಹೊತ್ತು ತರ್ತಿದ್ದವನು ಅವನೇ. ಒಳಗಿರೋದನ್ನ ನಾನು ಹೊರಗೆ ತರ್ತೀನಿ ಅಷ್ಟೆ."

"ದಿನಾನೂ?"

"ದಿನಾನೂ."

"ಹಾಗಾದ್ರೆ ಒಬ್ಬನಿಗೆ ಬೇಕಾದ ಒಳ್ಳೇ ತಮ್ಮ, ಇನ್ನೊಬ್ಬನಿಗೆ ಬೇಕಾದ ಒಳ್ಳೇ ಅಣ್ಣ, ಇಬ್ರೂ ನಿನ್ನ ಹತ್ರಾನೇ ಸಿಗ್ತಾರೆ. ಮತ್ತೆ ಅವರು ಗೋಡೆಯಾಚೆ ಯಾಕೆ ನೋಡ್ತಾರೆ ಹೇಳು? ನೀನು ಬಾಯಿ ಮುಚ್ಚಿದ್ರೆ ಅವರು ಬಾಯಿ ಬಿಡ್ತಾರೇನೋ."

ಅವನು ಒಂದು ಅಂಗಿ ಮುಗಿಸಿದ, ತೋಳು ಮಡಿಸಿದ, ಇನ್ನೊಂದು ಎತ್ತಿಕೊಂಡ. ಆಮೇಲೆ ಬೆನ್ನು ತಿರುಗಿಸಿಯೇ ಹೇಳಿದ. "ಆ ಮನೇಲಿ ನನ್ನ ಅಂಗಿ ನೇತುಹಾಕೋಕೆ ಒಂದು ಮೊಳೆ ಇಲ್ಲ ದೊಡ್ಡಮ್ಮ. ಹೋದ್ರೆ ಯಾರ ಕಡೆ ಮಲಗಬೇಕು ಅನ್ನೋದೇ ಜಗಳ ಆಗತ್ತೆ ಅಂತ ಹೋಗೋದೂ ಬಿಟ್ಟೆ. ಈ ಮಾತು ಒಂದೇ ನನ್ನ ಪಾಲಿಗೆ ಬಂದದ್ದು. ಅವರಿಬ್ರೂ ಒಂದಾಗಿಬಿಟ್ರೆ ನನಗೆ ಯಾರು ಫೋನ್ ಮಾಡ್ತಾರೆ?"

ದೊಡ್ಡಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಚಳಿ ಏರಿದಂತೆ ಅವನ ದನಿ ಕರಕರ ಎನ್ನತೊಡಗಿತು. ಹಬೆಯಲ್ಲಿ ನಿಂತು ನಿಂತು ಎಂದುಕೊಂಡರು, ಬಿಸಿನೀರು ಕುಡಿದರು, ಕೊನೆಗೆ ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗಂಟಲಲ್ಲಿ, ಮಾತು ಹೊರಡುವ ಜಾಗದಲ್ಲೇ ಒಂದು ಸಣ್ಣ ಗಂಟು. ಕೆಟ್ಟ ಗಂಟಲ್ಲ, ಆದರೆ ತೆಗೆಯಬೇಕು. ತೆಗೆದ ಮೇಲೆ ಕೆಲವು ವಾರ ಮಾತಾಡಬಾರದು, ಪಿಸುಗುಡಲೂ ಬಾರದು, ಆಡಿದರೆ ದನಿ ಪೂರ್ತಿ ಹೋದೀತು.

"ಗಂಟು ಹೋಗ್ಲಿ, ಮೋಟರಿಗೆ ಏನ್ಮಾಡ್ತೀರಿ?" ಎಂದಳು ಹೆಂಡತಿ. "ನನಗಂತೂ ಕೊಡಬೇಡಿ. ನನ್ನ ಬಾಯಿಗೆ ಸಿಕ್ಕಿದ್ರೆ ನಿಮ್ಮಣ್ಣ ತಮ್ಮ ಇಬ್ರನ್ನೂ ಗುಡಿಸಿ ಹಾಕ್ತೀನಿ."

ಅವನು ದೊಡ್ಡಮ್ಮನ ಸ್ಟೂಲಿನ ಮುಂದೆ ಕೂತ. "ನೀವೇ ನಡೆಸಿಕೊಡಬೇಕು ದೊಡ್ಡಮ್ಮ. ನಾನು ಪಕ್ಕದಲ್ಲೇ ಇರ್ತೀನಿ. ಸ್ವಲ್ಪ ನಯ ಮಾಡಿ ಹೇಳಿದ್ರೆ ಸಾಕು."

"ನಯ ಗಿಯ ನನ್ನ ಕೈಲಾಗಲ್ಲಪ್ಪಾ. ಕೇಳಿದ್ದನ್ನ ಕೇಳಿದ ಹಾಗೆ ಒಪ್ಪಿಸ್ತೀನಿ. ಅಷ್ಟಕ್ಕೆ ನೀನು ಒಪ್ಪೋದಾದ್ರೆ ಸರಿ."

ತಮಾಷೆಗೆ ಹೇಳುತ್ತಿದ್ದಾಳೆಂದು ಅವನು ನಕ್ಕ.

ಗಂಟು ತೆಗೆಸಿದ ಮೇಲೆ ಮೊದಮೊದಲು ಏನೂ ತೊಂದರೆಯಾಗಲಿಲ್ಲ. ಹೊಸ ದನಿ, ಅದೂ ಹಿರಿಯ ಹೆಂಗಸಿನದು, ಆ ಕಡೆಯವರೂ ನಾಲಿಗೆ ಹಿಡಿದು ಮಾತಾಡಿದರು. ಮೋಟರು ಹಾಕಿ, ಮೋಟರು ನಿಲ್ಲಿಸಿ. ಕೊರಳಿಗೆ ಬಟ್ಟೆ ಸುತ್ತಿ ಕೆಲಸಕ್ಕೆ ಬಂದ ಎಕ್ಸ್‌ಚೇಂಜು ಹೆಬ್ಬೆರಳೆತ್ತಿ ಭೇಷ್ ಎನ್ನುತ್ತಿದ್ದ. ಅಷ್ಟರಲ್ಲಿ ಊರಿನಲ್ಲಿ ಮತ್ತೆ ಚುನಾವಣೆ ಬಂತು, ಈ ಸಲ ವಿಧಾನಸಭೆಯದು. ಆ ಮೆಂಬರು ಈ ಪಕ್ಷವನ್ನೂ ಬಿಟ್ಟು ಹಳೆಯ ಪಕ್ಷಕ್ಕೆ ಮರಳಿ ಹಾರಿದ. ಅಣ್ಣ ಅವನ ಹಿಂದೆ ಹೋದ, ತಮ್ಮ ಇದ್ದಲ್ಲೇ ಉಳಿದ. ಮತ್ತೆ ಎರಡು ಬಾವುಟ, ಒಂದೇ ಟ್ಯಾಂಕು.

ಅಣ್ಣನ ಫೋನು ಬಂತು. "ಆ ಮುಠ್ಠಾಳನಿಗೆ ಹೇಳಿಯಮ್ಮಾ! ಈ ಸಲ ಟ್ಯಾಂಕ್ ಮೇಲೆ ಬಾವುಟ ಕಟ್ಟಿದ್ರೆ ಮಂಡಿ ಮುರೀತೀನಿ ಅಂತ ಹೇಳಿ. ಒಂದು ಮಂಡಿ ಆಗಲೇ ಹೋಗಿದೆ, ಇನ್ನೊಂದನ್ನೂ ಮುರೀತೀನಿ ಅಂತ ಹೇಳಿ!"

ದೊಡ್ಡಮ್ಮ ತಮ್ಮನಿಗೆ ಹಚ್ಚಿದಳು. ಎಕ್ಸ್‌ಚೇಂಜು ಬಿಳಿ ಅಂಗಿಯೊಂದರ ಬೆನ್ನು ಒತ್ತುತ್ತಿದ್ದವನು ಕಣ್ಣರಳಿಸಿ, ಬೇಡ ಬೇಡ ಎಂದು ಕೈ ಆಡಿಸಿದ.

"ನಿಮ್ಮಣ್ಣ ಹೇಳಿದ್ರಪ್ಪಾ. ಆ ಮುಠ್ಠಾಳ ಈ ಸಲ ಟ್ಯಾಂಕ್ ಮೇಲೆ ಬಾವುಟ ಕಟ್ಟಿದ್ರೆ ಮಂಡಿ ಮುರೀತಾರಂತೆ. ಒಂದು ಮಂಡಿ ಆಗಲೇ ಹೋಗಿದೆ, ಇನ್ನೊಂದನ್ನೂ ಮುರೀತಾರಂತೆ."

ಅವನು ತಲೆ ತಲೆ ಚಚ್ಚಿಕೊಂಡ.

"ಅಣ್ಣ... ಹಾಗಂದ್ನಾ?" ತಮ್ಮನ ದನಿ ಇಳಿದುಹೋಯಿತು. "ದಿನಾ ನನ್ನ ಮಂಡಿ ಹೇಗಿದೆ ಅಂತ ಕೇಳ್ತಿದ್ದವನು? ಅಮ್ಮಾ, ನಿಜ ಹೇಳಿ. ಅವನು ಕೇಳ್ತಿದ್ದದ್ದು ಹೌದೋ ಅಲ್ಲವೋ?"

ದೊಡ್ಡಮ್ಮ ತಲೆಯೆತ್ತಿ ನೋಡಿದಳು. ಎಕ್ಸ್‌ಚೇಂಜು ಎರಡೂ ಕೈ ಜೋಡಿಸಿ ನಿಂತಿದ್ದ, ತುಟಿ ಅಲುಗುತ್ತಿತ್ತು, ದನಿಯಿಲ್ಲ. ಬಿಟ್ಟ ಇಸ್ತ್ರಿ ಪೆಟ್ಟಿಗೆಯ ಕೆಳಗಿಂದ ಹೊಗೆ ಏಳುತ್ತಿತ್ತು. ಸುಳ್ಳು ಹೇಳಲು ಆಕೆಗೆ ಬಾಯಿ ಬರಲಿಲ್ಲ, ಅವನನ್ನು ಒಪ್ಪಿಸಿಬಿಡಲೂ ಮನಸ್ಸು ಬರಲಿಲ್ಲ.

"ನಾನು ಕಿವಿಯಾರೆ ಕೇಳಿದ್ದರಲ್ಲಿ ಅವರು ನಿಮ್ಮ ಮಂಡಿ ಸುದ್ದಿ ಎತ್ತಿದ್ದು ಇವತ್ತೇ ಮೊದಲು ಕಣಪ್ಪಾ" ಎಂದಳು.

ಆ ಕಡೆ ಫೋನು ಕಟ್ಟಾಯಿತು. ಅಂಗಿಯ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಕಂದು ಗುರುತು ಅಚ್ಚೊತ್ತಿತ್ತು. ಸುಟ್ಟ ವಾಸನೆಗೆ ಓಡಿಬಂದ ಮಾಲೀಕಳು ಅಂಗಿಯನ್ನೂ ಅವನ ಮುಖವನ್ನೂ ನೋಡಿ, ಅಂಗಿಯನ್ನಷ್ಟೇ ಎತ್ತಿಕೊಂಡು ಹೋದಳು.

ಅಂದಿನಿಂದ ಫೋನು ಬಾಯಿ ಮುಚ್ಚಿತು. ಅಣ್ಣನದೂ ಇಲ್ಲ, ತಮ್ಮನದೂ ಇಲ್ಲ. ಹಚ್ಚಿದರೆ ಇಬ್ಬರೂ ಎತ್ತಲಿಲ್ಲ. ಅವನು ದಿನವೂ ಬಂದು ಅದನ್ನು ಗುಂಡಿಯ ಡಬ್ಬಿಗೆ ಒರಗಿಸುತ್ತಿದ್ದ, ಒಂದು ತೋಳು ಒತ್ತಿ ಅದರ ಕಡೆ ನೋಡುತ್ತಿದ್ದ, ಇನ್ನೊಂದು ತೋಳು ಒತ್ತಿ ಮತ್ತೆ ನೋಡುತ್ತಿದ್ದ. ದೊಡ್ಡಮ್ಮನ ಮೇಲೆ ಸಿಟ್ಟು ತೋರಿಸಲಿಲ್ಲ. ಚಹಾ ಎಂದಿನಂತೆ ಸ್ಟೂಲಿನ ಪಕ್ಕಕ್ಕೆ ತಂದಿಡುತ್ತಿದ್ದ. ಅದೇ ಆಕೆಗೆ ಇನ್ನೂ ಕಷ್ಟವಾಯಿತು.

"ಬಾಯಿ ಬಂದ ಮೇಲೆ ನಾಲ್ಕು ಮಾತು ಬೈದುಬಿಡಪ್ಪಾ, ಇಟ್ಕೋಬೇಡ" ಎಂದಳು.

ಅವನು ತಲೆ ಅಲ್ಲಾಡಿಸಿದ.

ಹೆಂಡತಿ ಮಧ್ಯಾಹ್ನ ಬಂದು ಕಿವಿಯಲ್ಲಿ ಹೇಳಿದಳು. "ಮನೇಲಿ ನಲ್ಲಿ ಸರಿ ಮಾಡಿದ್ರು ದೊಡ್ಡಮ್ಮ. ಕದದ ಕೀಲಿಗೆ ಎಣ್ಣೆ ಹಾಕಿದ್ರು. ನಿನ್ನೆ ನನ್ನ ಚಪ್ಪಲಿಗೆ ಪಾಲಿಶ್ ಮಾಡ್ತಾ ಕೂತಿದ್ರು. ನನಗೆ ಅಳು ಬಂತು."

ಕೊನೆಗೆ ಬಂದದ್ದು ಅತ್ತಿಗೆಯ ಫೋನು, ಅಣ್ಣನ ಹೆಂಡತಿಯದು. ಇಡೀ ಮೂರು ವರ್ಷ ಗಂಡಂದಿರ ಕೆಸರಿಗೆ ಇಳಿಯದವಳು ಅಂದು ನಗು ತಡೆಯಲಾರದೆ ಹಚ್ಚಿದ್ದಳು. ದೊಡ್ಡಮ್ಮ ಸ್ಪೀಕರು ಹಾಕಿದಳು.

"ಕೇಳಿಸ್ತಾ ಇದೆಯಾ? ಅವತ್ತು ನೀವು ಫೋನ್ ಮಾಡಿದ ಮೇಲೆ ಮೈದುನ ಅವರ ಕಡೆಯಿಂದ ಅಂಗಳದ ಗೋಡೆಗೆ ಏಣಿ ಹಾಕಿ ಹತ್ತಿಬಿಟ್ರು. ಗೋಡೆ ಮೇಲೆ ತಲೆ ಹಾಕಿ, 'ಯಾವ ಮಂಡಿ ಮುರೀತೀಯೋ, ಬಾ!' ಅಂತ ಒಂದೇ ಕೂಗು. ನಮ್ಮವರು 'ಇಳಿಯೋ ಮುಠ್ಠಾಳ, ಬಿದ್ರೆ ಇರೋ ಮಂಡೀನೂ ಹೋಗತ್ತೆ' ಅಂತ ಗೇಟು ಸುತ್ತಿ ಓಡಿ ಹೋಗಿ ಏಣಿ ಹಿಡ್ಕೊಂಡ್ರು. ಹಿಡ್ಕೊಂಡೇ ಬೈದ್ರು. ಅವರು ಮೇಲೆ ನಿಂತೇ ಬೈದ್ರು. ಬೀದಿಯವರೆಲ್ಲ ಬಂದು ನೋಡಿದ್ರು."

"ಏನಂತ ಬೈದ್ರಮ್ಮ?" ಎಂದಳು ದೊಡ್ಡಮ್ಮ.

"ಎಲ್ಲಾನೂ! ಬಾವುಟ, ಮುಚ್ಚಳ, ಅಪ್ಪನ ಮಂಚ. ಕೊನೆಗೆ ಮೈದುನ, 'ನೀನು ದಿನಾ ನನ್ನ ಮಂಡಿ ಕೇಳ್ತೀಯ ಅಂತ ನಂಬಿದ್ನಲ್ಲೋ' ಅಂದ್ರು. ನಮ್ಮವರು, 'ನೀನು ನನ್ನ ಕಣ್ಣು ಕೇಳ್ತೀಯ ಅಂತ ನಾನೂ ನಂಬಿದ್ದೆ' ಅಂದ್ರು. ಆಮೇಲೆ ಇಬ್ರೂ ಸೇರಿ ಅಲ್ಲಿರೋ ನಡುವಿನವರಿಗೆ ಬೈದ್ರು."

"ರಾಜಿ ಆದ ಹಾಗಾ?"

"ಎಲ್ಲಿಯ ರಾಜಿ! ದಿನ ಬೆಳಗಾದ್ರೆ ಬೈದಾಡ್ತಾರೆ. ಆದ್ರೆ ನೇರ ಬೈದಾಡ್ತಾರೆ. ಟ್ಯಾಂಕ್ ತುಂಬಿದ್ರೆ 'ಆಫ್ ಮಾಡೋ ಕುರುಡಾ' ಅಂತ ಒಂದು ಕೂಗು ಬರತ್ತೆ, ಇವರು ಎದ್ದು ಆಫ್ ಮಾಡ್ತಾರೆ. ಅಂಗಳ ಒಣಗಿದೆ."

ಎಕ್ಸ್‌ಚೇಂಜಿನ ಹೆಗಲು ಕುಣಿಯಿತು, ನಕ್ಕ ಹಾಗಿತ್ತು. ಆಮೇಲೆ ಕಿಟಕಿಯ ಕಡೆ ತಿರುಗಿ, ಹಿಂದಿನ ಓಣಿಯ ಕಸದ ಡಬ್ಬಿಗಳನ್ನೂ ಒರಗಿಸಿಟ್ಟ ಸೈಕಲ್ಲುಗಳನ್ನೂ ನೋಡುತ್ತ ನಿಂತ. ಹೆಗಲು ಇನ್ನೂ ಅಲುಗುತ್ತಿತ್ತು. ದೊಡ್ಡಮ್ಮ ತನ್ನ ಹೊಲಿಗೆಗೆ ತಲೆ ತಗ್ಗಿಸಿದಳು.

ಡಾಕ್ಟರು ಇನ್ನು ಮಾತಾಡಬಹುದು ಎಂದ ದಿನ ಅವನು ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು, "ದೊಡ್ಡಮ್ಮ" ಎಂದ. ದನಿ ಮೊದಲಿಗಿಂತ ತೆಳ್ಳಗಿತ್ತು, ಆದರೆ ಕರಕರ ಹೋಗಿತ್ತು. ಆಕೆ ಎರಡು ಸಲ ಮತ್ತೆ ಅನ್ನಿಸಿ ಕೇಳಿದಳು. ಕೂಡಿಟ್ಟ ಮಾತೆಲ್ಲ ಆ ವಾರ ಹೊರಗೆ ಬಂತು. ಮಾಲೀಕಳ ಹತ್ತಿರ ಮಾತಾಡಿದ, ಗಿರಾಕಿಗಳ ಹತ್ತಿರ ಮಾತಾಡಿದ. ಕೋಟು ಒಯ್ಯಲು ಬಂದ ಬೀದಿಯ ಮೆಂಬರನ್ನು ನಿಲ್ಲಿಸಿಕೊಂಡು, ಹಿಂದಿನ ಓಣಿಯ ದೀಪ ಉರಿಯುವುದೇ ಇಲ್ಲವೆಂದು ದೂರಿದ. ಊರಿಗೆ ಮಾತ್ರ ಹಚ್ಚಲಿಲ್ಲ.

"ದನಿ ಬಂತು ಅಂತ ಒಂದು ಮಾತು ಹೇಳಬಾರದೇ?" ಎಂದಳು ದೊಡ್ಡಮ್ಮ.

"ಮೊದಲು ಅವರೇ ಮಾಡ್ಲಿ ದೊಡ್ಡಮ್ಮ. ನನ್ನ ದನಿ ಅವರಿಗೆ ಬೇಕಾಗತ್ತಾ ನೋಡೋಣ."

ಹೇಳಿದ್ದು ನಗುತ್ತಲೇ. ಆದರೆ ಕಣ್ಣು ಗುಂಡಿಯ ಡಬ್ಬಿಯ ಕಡೆಗೇ ಹೋಯಿತು.

ಅಷ್ಟರಲ್ಲಿ ಅಳಿಯನ ಕೆಲಸ ದೂರದ ಇನ್ನೊಂದು ಊರಿಗೆ ಬದಲಾಯಿತು. ಮೇಲೆ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಏರುತ್ತಿದ್ದಂತೆ ದೊಡ್ಡಮ್ಮ ಕೆಳಗೆ ಉಳಿದ ಗುಂಡಿಗಳನ್ನೆಲ್ಲ ಹೊಲಿದು ಮುಗಿಸಿದಳು. ಹೊರಡುವ ದಿನ ಹೇಳಿ ಬರಲು ಇಳಿದಾಗ ಮಾಲೀಕಳು ಕೌಂಟರು ದಾಟಿ ಬಂದು ಆಕೆಯ ಎರಡೂ ಕೈ ಹಿಡಿದುಕೊಂಡಳು. ಒಳಗೆ ಎಕ್ಸ್‌ಚೇಂಜು ಸ್ಟೂಲು ಒರೆಸಿಟ್ಟಿದ್ದ.

"ಇನ್ನು ಯಾರ ಜೊತೆ ಜಗಳ ಆಡಲಿ?" ಎಂದ.

"ಹೆಂಡತಿ ಇದ್ದಾಳಲ್ಲ. ನಲ್ಲಿ ಬೇರೆ ಸರಿ ಮಾಡಿಬಿಟ್ಟಿದ್ದೀಯ, ಹೊಸ ಕಾರಣ ಹುಡುಕ್ಕೋ."

ಆಗಲೇ ಫೋನು ಬಡಿದುಕೊಂಡದ್ದು. ಅಣ್ಣ. ವಾರಗಟ್ಟಲೆಯ ಅಭ್ಯಾಸ, ದೊಡ್ಡಮ್ಮನ ಕೈ ತಾನಾಗಿ ಹೋಗಿ ಸ್ಪೀಕರು ಒತ್ತಿತು.

"ಅಮ್ಮಾ, ನಮಸ್ಕಾರ. ಅವನಿಗೆ ದನಿ ಬಂತಾ? ಬಂದಿದ್ರೆ ಸ್ವಲ್ಪ ಕೊಡಿ. ಆ ಮುಠ್ಠಾಳನ ಹತ್ರ ನಿನ್ನೆಯಿಂದ ಮತ್ತೆ ಮಾತು ಬಿಟ್ಟಿದ್ದೀನಿ. ಬ್ಯಾನರ್ ವಿಷಯ. ನಾನು ಹೇಳಿದ್ರೆ ಕುಣೀತಾನೆ, ನಡುವಿನವನು ಹೇಳಿದ್ರೆ ಕೇಳ್ತಾನೆ. ಮೊದಲಿನ ಹಾಗೆ ಇವನೇ ನಡುವೆ ಇದ್ರೆ ಚೆಂದ ಕಣಮ್ಮಾ. ಇವನಿಲ್ಲದೆ ಮನೆ ನಡೆಯಲ್ಲ."

ಎಕ್ಸ್‌ಚೇಂಜಿನ ಮುಖ ದೀಪ ಹಚ್ಚಿದ ಹಾಗೆ ಆಯಿತು. ಇಸ್ತ್ರಿ ಪೆಟ್ಟಿಗೆಯನ್ನು ಅದರ ಸ್ಟ್ಯಾಂಡಿನ ಮೇಲೆ ಜೋಪಾನವಾಗಿ ಇಟ್ಟ, ಕೈಯನ್ನು ಅಂಗಿಗೆ ಒರೆಸಿಕೊಂಡ, ಫೋನಿನತ್ತ ಚಾಚಿದ. ದೊಡ್ಡಮ್ಮ ಎತ್ತಿ ಕೊಡಲು ಹೋದಳು.

ಆ ಕಡೆ ದೂರದಲ್ಲಿ, ಗೋಡೆಯಾಚೆಯಿಂದ ಇರಬೇಕು, ಒಂದು ಕೂಗು ತೇಲಿ ಬಂತು. "ಯಾರ ಹತ್ರ ನನ್ನ ಚಾಡಿ ಹೇಳ್ತಿದ್ದೀಯೋ ಕುರುಡಾ?" ಅಣ್ಣ ಏನೋ ತಿರುಗಿ ಕೂಗಲು ಹೊರಟವನು, ಮಾತು ಬಿಟ್ಟದ್ದು ನೆನಪಾಯಿತೇನೋ, ಅರ್ಧಕ್ಕೇ ನುಂಗಿಕೊಂಡ. "ಅಮ್ಮಾ, ಇದ್ದೀರಾ? ಕೊಡಿ ಅವನಿಗೆ" ಎಂದ.

ಚಾಚಿದ ಕೈ ಅಲ್ಲೇ ನಿಂತಿತ್ತು. ಎಕ್ಸ್‌ಚೇಂಜು ಅದೇ ಕೈಯ ಅಂಗೈಯನ್ನು ಫೋನಿನ ಬಾಯಿಗೆ ಅಡ್ಡ ಇಟ್ಟ. ಮುಖದ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಬಗ್ಗಿ, ದೊಡ್ಡಮ್ಮನ ಕಿವಿಯ ಹತ್ತಿರ, ಸ್ಪಷ್ಟವಾದ ದನಿಯಲ್ಲಿ ಹೇಳಿದ:

"ದೊಡ್ಡಮ್ಮ, ಇನ್ನೂ ದನಿ ಬಂದಿಲ್ಲ ಅಂತ ಹೇಳಿಬಿಡಿ."